ಟಿಚ್ ಬಟನ್

ಬೋನಸ್ಸಿನ ಬದಲು ಸಿನಿಮಾ ತೋರಿಸಿದರು ಸಾವ್ಕಾರ್ರು.
ಮೂವತ್ತೊಂದು ಟಿಕೆಟ್, ಶುಕ್ರವಾರ ರಾತ್ರಿಯಾಟ.
ಕನ್ನಡದ ಶೋ ಫುಲ್ಲಾಗಿತ್ತು, ತೆಲುಗಿನಲ್ಲೇ ಹಾರಿದ
ಆ ನೀಲಿ ಮನುಷ್ಯ,
ನಮ್ಮ ಬೆರಳಿಗಿಂತ ಒಂದೇ ಒಂದು ಪಾಲು ತಿಳಿ.

ಮರುದಿನ ಒಗ್ಗಾಣಿ ಮಿರ್ಚಿಯ ಹೊತ್ತಿಗೆ
ಕೌಲ್‌ಬಜಾರಿನ ನಮ್ಮ ಜೀನ್ಸ್ ಶೆಡ್ಡಿನಲ್ಲಿ ಜಗಳ.
ಗಾದಿಲಿಂಗ ಮಿರ್ಚಿಯ ತೊಟ್ಟು ಎತ್ತಿ ಹಿಡಿದು ಅಂದ:
"ಇದು ನಮ್ ಸಿನಿಮಾಲೇ. ಖಳ ಯಾರು? ಗಣಿ ಧಣಿ.
ಹೀರೋ ಯಾರು? ಲೈನ್‌ಮನ್ನಿನ ಮಗ, ಕೇರಿಯವ.
'ಗುಡ್ಡ ಎಲ್ಲರದು' ಅಂತಾನ, ಬಾಯಿಬಿಟ್ಟು ಅಂತಾನ.
ಇಷ್ಟು ಅನ್ನಾಕ ಎಷ್ಟು ವರ್ಷ ಬೇಕಾತು ಪರದೆಗೆ?"

ಎರ್ರಿಸ್ವಾಮಿ ಕಾಜಾ ಮಷಿನ್ನಿಗೆ ಎಣ್ಣೆ ಬಿಡುತ್ತ,
ತಲೆ ಎತ್ತದೆ:
"ಅಂದ. ಅಂದು, ಧಣಿನ ಎತ್ಕೊಂಡು ಹೋಗಿ
ಠಾಣೆ ಬಾಗಿಲಿಗೆ ಇಳಿಸಿದ.
ಅದೇ ಠಾಣೆ, ಫಸ್ಟ್ ಹಾಫಿನಾಗ ಅವರಪ್ಪನ್ನ ಬಡಿದದ್ದು.
ಮರುದಿನ ಗಣಿ ಯಾರು ನಡೆಸಿದ್ರು, ತೋರಿಸಿದ್ರೇನು?
ಧಣಿ ಮಗ ನಡೆಸಿರ್ತಾನ. ಒಳ್ಳೆ ಮಗ.
ಎರಡನೇ ಭಾಗಕ್ಕ ಇಟ್ಕಂಡಿರ್ತಾರ."

ದಾರ ಕಡಿಯುವ ಹಲ್ಲಿನಲ್ಲೇ ನಕ್ಕಳು ಹುಲಿಗೆಮ್ಮ.
"ಅಣೆಕಟ್ಟು ಒಡೆದಾಗ ನೋಡಿದ್ರೋ ಇಲ್ಲೋ?
ಊರಿಗೂರೇ ಬಾಯಿ ತಕ್ಕೊಂಡು ಮ್ಯಾಲ ನೋಡತೈತಿ,
ಒಬ್ಬಾಕಿ ಒಂದು ಮರಳಿನ ಚೀಲ ಎತ್ತಲಿಲ್ಲ.
ನಮ್ಮೂರಾಗ ಕಾಲುವಿ ಒಡೆದ ವರ್ಷ
ನಮ್ಮವ್ವ ರಾತ್ರಿಯೆಲ್ಲ ಎತ್ತಿದ್ಲು.
ನಾನು ಬಗಲಾಗಿದ್ದೆ.
ಆಕಿಗೆ ಹಾರಾಕ ಬರ್ತಿದ್ದಿಲ್ಲ."

ನಾನು ಸುಮ್ಮನಿದ್ದೆ. ಯಾಕೆಂದರೆ
'ಗುಡ್ಡ ಎಲ್ಲರದು' ಎಂದಾಗ ಕತ್ತಲಲ್ಲಿ
ಮೊದಲ ಸೀಟಿ ನನ್ನದು.
ಐವತ್ತೆರಡು ವಯಸ್ಸು, ಮುಂದಿನ ಎರಡು ಹಲ್ಲಿಲ್ಲ,
ಸೀಟಿ ಅರ್ಧಕ್ಕರ್ಧ ಗಾಳಿ,
ಆದರೂ ಹೊಡೆದೆ. ಕಣ್ಣೂ ಒದ್ದೆಯಾಗಿತ್ತು,
ಅದನ್ನು ಯಾರ ವಾದಕ್ಕೆ ಸೇರಿಸಲಿ?
ಹಿಂದಿನ ಸಾಲಿನಲ್ಲಿ ಸಾವ್ಕಾರ್ರೂ ಹೊಡೆದರು,
ನನಗಿಂತ ಜೋರಾಗಿ, ಅದೇ ಮಾತಿಗೆ.

ಜೈಬುನ್ನಿಸಾ ಒಬ್ಬಳೇ ಬೇರೆ ಮಾತು ತೆಗೆದಳು:
"ಇಂಟರ್ವೆಲ್ಲಿಗೆ ಮುಂಚೆ, ಬೆನ್ನ ಮ್ಯಾಲಿನ ಆ ಸೆರಗು
ಹರಿದಾಗ ತಾನೇ ಕುಂತು ಹೊಲ್ಕಂತಾನಲ್ಲ, ಚಲೋ ಇತ್ತು.
ಸೂಜಿ ಹಿಡಿದ ಹೀರೋನ ನಾನು ಕಂಡಿದ್ದಿಲ್ಲ.
ಆದ್ರ ಕಚ್ಚಾ ಟಾಕಿ ಹಾಕ್ಯಾನ.
ಗುಡ್ಡ ದಾಟೋದರಾಗ ಬಿಚ್ಚತೈತಿ."

ಹದಿನೈದು ದಿನಕ್ಕೆ ಆರ್ಡರ್ ಬಂತು:
ಅದೇ ನೀಲಿ ಸೆರಗು, ಮಕ್ಕಳ ಅಳತೆ,
ಬೆನ್ನಿಗೆ ಮಿಂಚಿನ ಗುರುತು, ಕುತ್ತಿಗೆಗೆ ಲಾಡಿ.
ಎರಡು ಸಾವಿರ ಪೀಸು. ಪೀಸಿಗೆ ನಾಲ್ಕು ರೂಪಾಯಿ.

ಹುಲಿಗೆಮ್ಮ ಆರು ಅಂದಳು.
ಅಂದು, ಪೆಡಲಿನಿಂದ ಕಾಲು ತೆಗೆದಳು.
ಆಮೇಲೆ ಎರ್ರಿಸ್ವಾಮಿ. ಆಮೇಲೆ ಒಬ್ಬೊಬ್ಬರೇ.
ಎಲ್ಲರದೂ ಆದಮೇಲೆ, ನಾನು.
ಈ ಶೆಡ್ಡಿನ ಫ್ಯಾನಿಗೂ ಸದ್ದಿದೆಯೆಂದು
ಹದಿನೇಳು ವರ್ಷದಲ್ಲಿ ಅವತ್ತೇ ಗೊತ್ತಾದದ್ದು.
ಸಾವ್ಕಾರ್ರ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ,
ನೆಲ ನೋಡಿಕೊಂಡೇ ಕೂತಿದ್ದೆವು.

ಸಂಜೆಗೆ ನಾಲ್ಕೂ ಮುಕ್ಕಾಲಾಯಿತು.
ಗೆದ್ದೆವು ಅಂದ ಗಾದಿಲಿಂಗ.
ಮುಕ್ಕಾಲು ರೂಪಾಯಿಗೆ ಮಾರಿಕೊಂಡೆವು ಅಂದ ಎರ್ರಿಸ್ವಾಮಿ.
ಮತ್ತೆ ಒಗ್ಗಾಣಿ, ಮತ್ತೆ ಜಗಳ,
ಈ ಸಲ ಸಿನಿಮಾ ಇಲ್ಲದೆ.

ಜೈಬುನ್ನಿಸಾ ಲಾಡಿ ಬಿಟ್ಟು
ಕುತ್ತಿಗೆಗೆ ಟಿಚ್ ಬಟನ್ ಹಾಕುತ್ತಿದ್ದಳು,
ಹಳೆ ಆರ್ಡರಿನಲ್ಲಿ ಉಳಿದವು.
ಸ್ಯಾಂಪಲ್ಲಿನಾಗ ಇಲ್ಲಲ್ಲ ಇದು, ಅಂದೆ.

"ಹುಡುಗರು ಕಾಂಪೌಂಡ್ ಹತ್ತಿ ಹಾರ್ತಾವ, ಭಾವಾ.
ಮೊಳೆಗೋ ಕೊಂಬೆಗೋ ಸಿಕ್ಕೊಂಡ್ರ
ಸೆರಗು ಅಲ್ಲೇ ಉಳೀಲಿ,
ಹುಡುಗ ಕೆಳಗ ಬರಲಿ."

ಎಳೆದು ತೋರಿಸಿದಳು. ಟಿಚ್.
ಉಳಿದ ಗುಂಡಿ ಇನ್ನೂರೋ ಮುನ್ನೂರೋ ಇದ್ದಾವು.
ಮಿಕ್ಕವಕ್ಕೆ ಏನು ಮಾಡುತ್ತೀ ಎಂದು
ಕೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ಕರೆಂಟು ಬಂತು.